ಮುಖ ನೋಡದೆ ಹೇಳಿದ ಸಾವು

ಸೀಗೆಹಟ್ಟಿ, ಕೆತ್ತಿ ಅಂಚೆ
16 ಜನವರಿ 2025

ಕೂಸೇ ಕೀರ್ತನಾ,

ಏಳೂವರೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನಿನ್ನ ಕಾಗದ ಬಂತು. ಚಹಾ ಕುಡಿಯುತ್ತಾ ಒಮ್ಮೆ ಓದಿದೆ, ನಿನ್ನ ಅಮ್ಮ ಅಮ್ಮಣಿಗೆ ಕೇಳಿಸಲು ಒಮ್ಮೆ ಓದಿದೆ, ಆಮೇಲೆ ಸುಮ್ಮನೆ ಇನ್ನೊಮ್ಮೆ. ನಿನ್ನ ಅಪ್ಪ ದಿನೇಶನಿಗೆ ತೋರಿಸಿದರೆ ಅವನು ಅಕ್ಷರ ನೋಡಿ ನಕ್ಕ. ಅವನಿಗೆ ತಮಿಳೇ ಸಾಕಾಯಿತು. ಶಾಲೆ ಕಾಣದ ನಾನು ಮಠದಿಂದ ಬಂದ ಹಳೆಯ ಪಂಚಾಂಗಗಳನ್ನು ಕೂಡಿಸಿ ಕೂಡಿಸಿ ಓದಿ ಕಲಿತ ಕನ್ನಡ ಮೊಮ್ಮಗಳಾದ ನಿನ್ನ ಒಬ್ಬಳಲ್ಲಿ ಉಳಿಯಿತು.

ನಿಮ್ಮ ಕಾಲೇಜು ರೇಡಿಯೋ ಕೂಟದವರು ಗುರುವಾರಕ್ಕೊಮ್ಮೆ ವೃತ್ತಾಕಾರವಾಗಿ ಕೂತು ಸರಕಾರದ ದೂರಸಂಪರ್ಕದ ಕಾನೂನು, ಗೋಪುರದ ನಿಯಮ, ಇಂಟರ್ನೆಟ್ ನಿಲ್ಲಿಸುವ ಆದೇಶ ಎಲ್ಲ ಓದುತ್ತೀರಿ ಎಂದು ಬರೆದಿದ್ದೀಯ. ಗಾಳಿಯಲ್ಲಿರುವ ಅಲೆಯನ್ನೂ ತುಂಡು ತುಂಡು ಮಾಡಿ ಹರಾಜು ಹಾಕುತ್ತಾರೆಂದು ಓದಿ ಬಹಳ ಹೊತ್ತು ಆಕಾಶ ನೋಡಿದೆ. ಎಮ್ಮೆ ಮೇಯುವ ಹುಲ್ಲಿಗೆ ಬೇಲಿ ಬಿದ್ದದ್ದು ಕಂಡಿದ್ದೇನೆ. ಇದಕ್ಕೆ ಎಲ್ಲಿ ಕಂಬ ನೆಡುತ್ತಾರೋ.

ಕಾಲೇಜು ರೇಡಿಯೋದವರು ಸ್ವಂತ ಸುದ್ದಿ ಹೇಳುವಂತಿಲ್ಲ, ಊರಿನ ಪ್ರಕಟಣೆ ಹೇಳಬಹುದು. ಹಾಗಾದರೆ ಸಾವು ಸುದ್ದಿಯೋ ಪ್ರಕಟಣೆಯೋ ಎಂದು ನಿಮ್ಮಲ್ಲಿ ಜಗಳವಾಯಿತಂತೆ. ಯಾರು ಹೋದರು ಎನ್ನುವುದು ಪ್ರಕಟಣೆ, ಹೇಗೆ ಹೋದರು ಎನ್ನುವುದು ಸುದ್ದಿ ಎಂದು ನಿಮ್ಮ ಮಲರ್‌ಕೊಡಿ ಟೀಚರ್ ತೀರ್ಮಾನ ಕೊಟ್ಟದ್ದು ಓದಿ ನಾನು ತೊಡೆ ತಟ್ಟಿಕೊಂಡೆ. ನಮ್ಮ ಮನೆಯ ಕಟ್ಟಳೆಯೂ ಅದೇ. ನನ್ನ ಅಪ್ಪ, ಆಮೇಲೆ ನಾನು, ನಲವತ್ತು ವರ್ಷ ಹಟ್ಟಿಯಿಂದ ಹಟ್ಟಿಗೆ ಸಾವಿನ ಮಾತು ಹೊತ್ತು ನಡೆದವರು. ಮಾತು ಹೊರುವವನು ಹೆಸರು ಮಾತ್ರ ಹೇಳಬೇಕು. ಹೇಗೆ ಸತ್ತ ಎಂದು ಕೇಳಿದರೆ ನೀರು ಕುಡಿದು ಮುಂದೆ ಹೋಗಬೇಕು. ಅದಕ್ಕೂ ಮೊದಲು ಇನ್ನೊಂದಿದೆ. ಸತ್ತವರ ಮೊಕವನ್ನು ತಾನೇ ನೋಡದೆ ಹೊಸ್ತಿಲು ದಾಟಬಾರದು. ಒಮ್ಮೆ ಮಸಿನಗುಡಿಯ ಕಡೆ ಆನೆ ತುಳಿದವನ ಮೊಕ ನೋಡಲು ಎರಡು ದಿನ ಹೋಗಿ ಬಂದೆ. ಮೊಕ ಎನ್ನುವಂಥದ್ದು ಉಳಿದಿರಲಿಲ್ಲ. ಆದರೂ ನೋಡಿದೆ, ನೋಡಿದ ಮೇಲೆ ನಡೆದೆ.

ಇಲ್ಲಿ ಮೊಬೈಲ್ ಗೋಪುರದ ಮಾತು ಬಿಸಿಯಾಗಿದೆ. ರಂಗನಾಥನ್ ತನ್ನ ಚಹಾ ತೋಟದ ಅಂಚು ಕೊಟ್ಟಿದ್ದಾನೆ. ಆ ಅಂಚಿಗೇ ನಮ್ಮ ಸಾವಿನ ಬಯಲು, ಹೆಣ ಮಲಗಿಸಿ ಹನ್ನೆರಡು ಹಟ್ಟಿಯವರು ಮೊಕ ನೋಡುವ ಜಾಗ. ನಿನ್ನ ಸೋದರಮಾವ ಭೋಜನ್ ಅಡ್ಡ ನಿಂತಿದ್ದಾನೆ. ಮೊನ್ನೆ ಕಲ್ಲು ತೂರಾಟವಾಗಿ ಅಳತೆಗೆ ಬಂದವನೊಬ್ಬನ ಎರಡು ಹಲ್ಲು ಹೋಯಿತು. ಕಲ್ಲು ನಿನ್ನ ಅಪ್ಪನದು ಎನ್ನುತ್ತಾರೆ. ನಾನು ಕೇಳಿಲ್ಲ.

ನಿನ್ನ ಹೆತ್ತಪ್ಪ,
ಮಲ್ಲಪ್ಪ


ಉದಕಮಂಡಲ, ಹಾಸ್ಟೆಲ್
2 ಫೆಬ್ರವರಿ 2025

ಹೆತ್ತಪ್ಪನಿಗೆ ಕೀರ್ತನಾಳ ನಮಸ್ಕಾರ.

ನಿಮ್ಮ ಕಾಗದವನ್ನು ಕೂಟದಲ್ಲಿ ತಮಿಳಿಗೆ ತಿರುಗಿಸಿ ಓದಿದೆ. ಆಮೇಲೆ ಟೀಚರ್, ಮುಂದಿನ ವಾರದಿಂದ ಸಾವಿನ ಪ್ರಕಟಣೆ ಶುರು ಮಾಡೋಣ, ಪ್ರತಿ ಕಡೆಗೂ ನಂಬಿಕೆಯ ಒಬ್ಬರ ಹೆಸರು ಇರಲಿ, ಅವರು ಹೇಳಿದರೆ ಮಾತ್ರ ಓದೋಣ ಎಂದರು. ಕೆತ್ತಿಯ ಕಡೆಗೆ ನಿಮ್ಮ ಹೆಸರು ಬರೆಸಿದ್ದೇನೆ. ನಮ್ಮ ಹಟ್ಟಿಗೆ ಮೊಬೈಲ್ ಸಿಗುವುದಿಲ್ಲ, ರೇಡಿಯೋ ಸಿಗುತ್ತದೆ. ನೀವು ತಿರುವಿನ ಚಹಾ ಅಂಗಡಿಗೆ ನಡೆದು ಅಲ್ಲಿಯ ಫೋನಿನಿಂದ ಹೇಳಿದರೆ ಸಾಕು, ಇನ್ನು ಹಟ್ಟಿಯಿಂದ ಹಟ್ಟಿಗೆ ನಡೆಯಬೇಕಿಲ್ಲ. ಮಂಡಿಗೆ ರಜ.

ರಂಗನಾಥನ್ ಅವರ ಮಗಳು ಅಭಿನಯಾ ನಮ್ಮ ಕೂಟದಲ್ಲೇ ಇದ್ದಾಳೆ, ನಿಮಗೆ ಹೇಳಿದ್ದೆನಾ? ನಾನು ಓದುವಾಗ ಯಂತ್ರದಲ್ಲಿ ಧ್ವನಿ ಏರಿಸಿ ಇಳಿಸುವವಳು ಅವಳು. ಗೋಪುರದ ಹೊಸ ನಿಯಮವನ್ನು ನಾವಿಬ್ಬರೂ ಸೇರಿ ಓದಿದೆವು. ಖಾಸಗಿ ಜಾಗಕ್ಕೆ ಮಾಲೀಕನ ಒಪ್ಪಿಗೆ ಸಾಕು ಎಂದು ಅವಳು, ಪಕ್ಕದ ಜಾಗ ಯಾರದು ಎಂದು ನಾನು. "ನಿಮ್ಮ ಮಾಮನಿಗೆ ಫೋನೇ ಬೇಡ್ವಾ?" ಅಂದಳು. "ಬೇಡ, ಅವರ ಗಂಟಲೇ ಕುನ್ನೂರಿನವರೆಗೆ ಕೇಳತ್ತೆ" ಅಂದೆ. ಇಬ್ಬರೂ ನಕ್ಕೆವು. ಊರಿನವರೂ ಹೀಗೆ ಕೂತು ಜಗಳ ಆಡಬಾರದಾ?

ನಿಮ್ಮ
ಕೀರ್ತನಾ


ಸೀಗೆಹಟ್ಟಿ
9 ಮಾರ್ಚ್ 2025

ಕೂಸೇ,

ಮೂರು ದಿನ ಬಸ್ಸಿಲ್ಲ. ಕೆಳಗಿನ ಕೆತ್ತಿಯಲ್ಲೂ ಇಂಟರ್ನೆಟ್ ನಿಲ್ಲಿಸಿದ್ದಾರೆ ಎನ್ನುತ್ತಾರೆ. ಇಂಥ ಆದೇಶಗಳನ್ನು ನೀವು ಗುರುವಾರ ಓದುತ್ತಿದ್ದಿರಿ. ಹಾಲಿನ ಗಾಡಿಯವನ ಕೈಗೆ ಈ ಕಾಗದ ಕೊಡುತ್ತೇನೆ. ನೀನು ಅಲ್ಲಿ ಏನು ಕೇಳಿದ್ದೀಯೋ ತಿಳಿಯದು, ನಾನು ಕಂಡದ್ದನ್ನೂ ಕೇಳಿದ್ದನ್ನೂ ಬರೆಯುತ್ತೇನೆ.

ಬುಧವಾರ ಬೆಳಿಗ್ಗೆ ಗೋಪುರಕ್ಕೆ ಗುಂಡಿ ತೋಡಲು ಯಂತ್ರ ಬಂತು. ಭೋಜನ್ ಗುಂಡಿಗೆ ಇಳಿದು ಮಲಗಿಬಿಟ್ಟ. ರಂಗನಾಥನ್ ಕರೆತಂದ ಆಳುಗಳು ಇಳಿದು ಗುದ್ದಲಿ ಕಾವಿನಿಂದ ಹೊಡೆದರು. ಗುಂಡಿಯ ಒಳಗೆ ಬಿದ್ದ ಏಟು, ಮೇಲಿದ್ದವರಿಗೆ ಸದ್ದು ಮಾತ್ರ ಕೇಳಿತು. ಒದ್ದೆ ಮೂಟೆಗೆ ಹೊಡೆದ ಹಾಗೆ. ಮೇಲೆತ್ತಿದಾಗ ತಲೆಯ ಎಡಭಾಗ ತಗ್ಗಾಗಿತ್ತು, ಕಿವಿಯಿಂದ ರಕ್ತ. ನಿನ್ನ ಅಪ್ಪ ಮತ್ತು ಭೋಜನ್‌ನ ಹೆಂಡತಿ ಪಾಪಾತಿ ಜೀಪಿನಲ್ಲಿ ಅವನನ್ನು ಉದಕಮಂಡಲದ ಆಸ್ಪತ್ರೆಗೆ ಕೊಂಡುಹೋದರು.

ಗುರುವಾರ ಹತ್ತಕ್ಕೆ ದಿನೇಶ ಒಬ್ಬನೇ ಮರಳಿ ಬಂದ. ಹನ್ನೊಂದಕ್ಕೆ ನಾನು ತಿರುವಿನ ಅಂಗಡಿಯಿಂದ ನಿನಗೆ ಫೋನು ಮಾಡಿದೆ. ಮುಂದಿನದು ನಿನಗೆ ಗೊತ್ತು. ಬಯಲಿನಲ್ಲಿ ರೇಡಿಯೋ ಹಿಡಿದು ನಿಂತು ನಿನ್ನ ಧ್ವನಿ ಕೇಳಿದೆ. ಸೀಗೆಹಟ್ಟಿಯ ಭೋಜನ್ ಹೋದರು. ನೀನು ಅಷ್ಟೇ ಓದಿದೆ. ಹೇಗೆ ಎಂದು ಓದಲಿಲ್ಲ. ಓದಬೇಕಾಗಿಯೂ ಇರಲಿಲ್ಲ. ಏಟು ಬಿದ್ದದ್ದು ಎಲ್ಲ ಹಟ್ಟಿಗೂ ಹಿಂದಿನ ದಿನವೇ ತಿಳಿದಿತ್ತು.

ಸಾವಿಗೆ ಬರುವವರು ಬಿಳಿ ಹೊದ್ದು ಬರುತ್ತಾರೆ. ಅವತ್ತೂ ಹಾಗೇ ಬಂದರು. ಆದರೆ ಹೊದಿಕೆಯ ಒಳಗೆ ಕವಾತು ಕತ್ತಿಗಳಿದ್ದವು, ಚಹಾ ಗಿಡ ಸವರುವ ಕತ್ತಿಗಳು. ಬಯಲಿಗೆ ಬರಲಿಲ್ಲ, ನೇರ ರಂಗನಾಥನ್‌ನ ಎಲೆ ಕೊಟ್ಟಿಗೆಗೆ ಹೋದರು. ಅವನು ಕೊಯ್ದ ಎಲೆ ತೂಗುತ್ತಿದ್ದ. ಓಡಲಿಲ್ಲ. "ಬೋಜಣ್ಣ ಬದುಕವನೆ, ಇವಾಗ ತಾನೆ ತಿರುವಿಗೆ ಪೋನು ಬಂತು, ಕೇಳಿ" ಎಂದು ಕೈ ಎತ್ತಿ ಹೇಳಿದ.

ಒಬ್ಬ ಹೇಳಿದ, "ರೇಡಿಯೋ ಸುಳ್ಳು ಹೇಳತ್ತಾ? ಮಲ್ಲಪ್ಪನ ಮಾತು ಸುಳ್ಳಾ?"

ಎತ್ತಿದ ಕೈಗೇ ಮೊದಲ ಏಟು ಬಿತ್ತು. ಬೆರಳುಗಳು ತಕ್ಕಡಿಯ ತಟ್ಟೆಯಲ್ಲಿ ಬಿದ್ದವು. ಆಮೇಲೆ ಎಷ್ಟು ಕೈ, ಎಷ್ಟು ಕತ್ತಿ ಎಂದು ನೋಡಿದವರೇ ಹೇಳಲಾರರು. ಯಂತ್ರಕ್ಕೆಂದು ತಂದಿದ್ದ ಡೀಸೆಲ್ ಸುರಿದು ಕೊಟ್ಟಿಗೆಗೆ ಬೆಂಕಿ ಇಟ್ಟರು. ಅವನು ಒಳಗಿದ್ದ. ನಾನು ಮಂಡಿ ಎಳೆದುಕೊಂಡು ಅಲ್ಲಿಗೆ ಬರುವಷ್ಟರಲ್ಲಿ ಹಸಿ ಎಲೆ ಸುಟ್ಟ ಹೊಗೆ ಬಯಲನ್ನೆಲ್ಲ ಮುಚ್ಚಿತ್ತು. ಕಾರ್ಖಾನೆಯಲ್ಲಿ ಎಲೆ ಬಾಡಿಸುವಾಗ ಬರುವ ಪರಿಮಳವೇ ಬರುತ್ತಿತ್ತು, ಕೂಸೇ. ಅದಕ್ಕೇ ನನಗೆ ಈಗ ಚಹಾ ಕುಡಿಯಲಾಗುತ್ತಿಲ್ಲ.

ಒಂದೂವರೆಗೆ ರೇಡಿಯೋದಲ್ಲಿ ನಿಮ್ಮ ಟೀಚರ್ ಧ್ವನಿ ಬಂತು, ಭೋಜನ್ ಬದುಕಿದ್ದಾರೆ ಎಂದು. ಅಷ್ಟು ಹೊತ್ತಿಗೆ ಕೇಳುವುದಕ್ಕೆ ಬಯಲಿನಲ್ಲಿ ನಾನೊಬ್ಬನೇ ಇದ್ದೆ.

ಊಟ ಮಾಡು. ಯಾರೊಡನೆಯೂ ವಾದಕ್ಕೆ ಹೋಗಬೇಡ.

ಹೆತ್ತಪ್ಪ,
ಮಲ್ಲಪ್ಪ


ಉದಕಮಂಡಲ
21 ಮಾರ್ಚ್ 2025

ಹೆತ್ತಪ್ಪನಿಗೆ,

ರೇಡಿಯೋ ನಿಲ್ಲಿಸಿದ್ದಾರೆ. ದಿಲ್ಲಿಯಿಂದ ವಿವರಣೆ ಕೇಳಿ ಕಾಗದ ಬಂದಿದೆ. ಯಾವ ನಿಯಮದ ಯಾವ ಸಾಲು ಮೀರಿದಿರಿ ಎಂದು ಕೇಳಿದ್ದಾರೆ. ಟೀಚರ್ ಎಷ್ಟು ಹುಡುಕಿದರೂ ಸಿಗಲಿಲ್ಲ. ನಾವು ಯಾವ ಸಾಲನ್ನೂ ಮೀರಿಲ್ಲ. ಹನ್ನೆರಡೂವರೆಗೆ ಪಾಪಾತಿ ಅತ್ತೆ ಆಸ್ಪತ್ರೆಯಿಂದ ಫೋನು ಮಾಡಿ "ನಿನ್ನ ಮಾಮ ಕಣ್ಣು ಬಿಟ್ಟ, ಯಾರೇ ಅದು ಸತ್ತ ಅಂದದ್ದು?" ಎಂದರು. ನಾನು ಆಗಲೇ ಮೈಕಿನ ಮುಂದೆ ಕೂತೆ. ಆದರೆ ಸತ್ತಿಲ್ಲ ಎಂದು ಹೇಳುವುದು ಪ್ರಕಟಣೆಯೋ ಸುದ್ದಿಯೋ ಎಂದು ಚರ್ಚೆ ಶುರುವಾಯಿತು. ಹೊಡೆದಾಟದ ಮಾತು ಬಂದರೆ ಪರವಾನಗಿ ಹೋಗುತ್ತದೆ ಎಂದು ಟೀಚರ್ ಮೇಲಿನವರನ್ನು ಕೇಳಲು ಹೋದರು. ಒಂದು ಗಂಟೆಗೆ ನಮ್ಮ ಪ್ರಸಾರದ ಹೊತ್ತು ಮುಗಿಯಿತು. ಮತ್ತೆ ಯಂತ್ರ ಚಾಲೂ ಮಾಡಲು ಇನ್ನೊಂದು ಒಪ್ಪಿಗೆ. ಆ ಒಂದು ಗಂಟೆ ಅಭಿನಯಾ ನನ್ನ ಪಕ್ಕದಲ್ಲೇ ಕೂತಿದ್ದಳು. ತನ್ನ ಅಪ್ಪ ಉರಿಯುತ್ತಿರುವುದು ಗೊತ್ತಿಲ್ಲದೆ "ಬೇಗ ಓದು ಕೀರ್ತನಾ, ಸುಮ್ನೆ ಓದಿಬಿಡು" ಎನ್ನುತ್ತಿದ್ದಳು. ನಾನು ನಿಯಮ ನೋಡಿದೆ. ಓದಲಿಲ್ಲ.

ಪೊಲೀಸರು ಎರಡು ಸಲ ಕರೆದರು. ಫೋನು ಬಂದದ್ದು ಗಂಡು ಧ್ವನಿ, ಹೆಸರು ಕೇಳುವುದು ಮರೆತೆ, ತಪ್ಪು ನನ್ನದೇ ಎಂದು ಬರೆದುಕೊಟ್ಟಿದ್ದೇನೆ. ಅಂಗಡಿಯವರೂ ಯಾರು ಮಾಡಿದ್ದೆಂದು ನೆನಪಿಲ್ಲ ಅಂದರಂತೆ. ನಿಮ್ಮ ಹೆಸರಿರುವ ಹಾಳೆ ನನ್ನ ಪೆಟ್ಟಿಗೆಯಲ್ಲಿದೆ. ಮೇ ಕೊನೆಗೆ ಕಾಲೇಜಿನ ವಿಚಾರಣೆ ಮುಗಿಯುತ್ತದೆ. ಆಮೇಲೆ ನನ್ನ ಮೇಲೆ ಕೇಸು, ಕಾಲೇಜೂ ಇಲ್ಲ. ಅದು ಇರಲಿ. ಎಪ್ಪತ್ತೆಂಟು ವರ್ಷದವರನ್ನು ಸ್ಟೇಷನ್ ಬೆಂಚಿನ ಮೇಲೆ ಕೂರಿಸುವುದು ನನಗೆ ಆಗುವುದಿಲ್ಲ.

ಒಂದನ್ನು ಮಾತ್ರ ಹೇಳಿ. ನೀವು ಮೊಕ ನೋಡಿದ್ದಿರಾ?

ಕೀರ್ತನಾ


ಸೀಗೆಹಟ್ಟಿ
4 ಏಪ್ರಿಲ್ 2025

ಕೂಸೇ,

ರಂಗನಾಥನ್‌ನ ಸಾವಿನ ಮಾತು ಹೊರಲು ಯಾರೂ ಒಪ್ಪಲಿಲ್ಲ. ನಾನು ಹೊತ್ತೆ. ಮೊದಲು ಮೊಕ ನೋಡಿದೆ. ಬಲಗಡೆ ಏನೂ ಇಲ್ಲ, ಕರಿ. ಎಡಗೆನ್ನೆ ಹಸಿ ಎಲೆಯ ರಾಶಿಯಲ್ಲಿ ಒತ್ತಿಕೊಂಡು ಬಿದ್ದದ್ದರಿಂದ ಹಾಗೇ ಉಳಿದಿತ್ತು, ಕ್ಷೌರ ಮಾಡಿದ ಕೆನ್ನೆ. ಅದರ ಮೇಲೆ ಎರಡೆಲೆ ಒಂದು ಕುಡಿ ಅಂಟಿಕೊಂಡಿತ್ತು. ತೆಗೆಯಲು ಹೋದೆ. ಚರ್ಮವೂ ಬಂತು. ಬಿಟ್ಟೆ. ಆಮೇಲೆ ಮಂಡಿ ನೋವಿದ್ದರೂ ಹನ್ನೊಂದು ಹಟ್ಟಿಗೆ ನಡೆದೇ ಹೋದೆ. ಆರು ಹಟ್ಟಿಯಲ್ಲಿ ನೀರು ಕೊಡಲಿಲ್ಲ. ಒಂದರಲ್ಲಿ ಉಗುಳಿದರು.

ಕಳೆದ ಸೋಮವಾರ ನಮ್ಮ ತೋಟದ ಕೆಳಗಿನ ಪಾತಿಯನ್ನು ರಂಗನಾಥನ್ ಕಡೆಯವರು ಬುಡಕ್ಕೇ ಕಡಿದರು. ನಾಯಿಯ ಕತ್ತು ಕೊಯ್ದು ಹೊಸ್ತಿಲ ಮೇಲೆ ಮಲಗಿಸಿದ್ದರು. ನಿನ್ನ ಅಪ್ಪ ಅದನ್ನು ಹೂತು ಬಂದು ಇಡೀ ದಿನ ಕತ್ತಿ ಮಸೆದ.

ಪರೀಕ್ಷೆಗೆ ಚೆನ್ನಾಗಿ ಓದು. ಕೆತ್ತಿಯ ಕ್ಯಾರೆಟ್ ಈ ಸಲ ಸಿಹಿ ಇದೆ, ಕಳಿಸುತ್ತೇನೆ.

ಮಲ್ಲಪ್ಪ


ಸೀಗೆಹಟ್ಟಿ
11 ಮೇ 2025

ಕೂಸೇ ಕೀರ್ತನಾ,

ನೀನು ಕೇಳಿದ್ದಕ್ಕೆ ನಾನು ಕ್ಯಾರೆಟ್ ಕಳಿಸಿದೆ. ಅದಾದ ಮೇಲೆ ನಿನ್ನಿಂದ ಕಾಗದವಿಲ್ಲ. ನೀನು ಸರಿಯಾಗಿಯೇ ಮಾಡಿದೆ.

ನೋಡಲಿಲ್ಲ. ಭೋಜನ್‌ನ ಮೊಕ ನಾನು ನೋಡಲಿಲ್ಲ. ನಲವತ್ತು ವರ್ಷದಲ್ಲಿ ಅದೊಂದೇ ಸಲ. ಬಸ್ಸಿದೆ, ಆಸ್ಪತ್ರೆಗೆ ಮುಕ್ಕಾಲು ಗಂಟೆಯ ದಾರಿ. ಮಂಡಿ ನೋಯುತ್ತಿತ್ತು. ನೀನು ಬರೆದಿದ್ದೆ, ಇನ್ನು ನಡೆಯಬೇಕಿಲ್ಲ ಎಂದು. ಆ ಮಾತನ್ನು ನನ್ನ ಸೋಮಾರಿತನಕ್ಕೆ ಹೊದಿಸಿಕೊಂಡೆ. ಮೇಲಾಗಿ ಸಾವು ಹೇಳಿದವನು ನನ್ನ ಮಗ.

ಅವತ್ತು ದಿನೇಶ ಅಂಗಳದಲ್ಲಿ ನಿಂತು "ಬೋಜ ಮಾವ ಹೋಗಿಬುಟ್ಟ ಅಪ್ಪಾ" ಎಂದ. "ಮೊಕ ನೋಡಿದಿಯಾ?" ಎಂದೆ. "ನೋಡಿದೆ" ಎಂದ. ಕಣ್ಣು ಎತ್ತಲಿಲ್ಲ. ದುಃಖ ಎಂದುಕೊಂಡೆ.

ಮಧ್ಯಾಹ್ನ ಎರಡಕ್ಕೆ ನಾನು ಹೊಗೆಯಿಂದ ಮನೆಗೆ ಬಂದಾಗ ಅವನು ಹಿತ್ತಲ ನಲ್ಲಿಯ ಕೆಳಗೆ ಕವಾತು ಕತ್ತಿ ತೊಳೆಯುತ್ತಿದ್ದ. ಹಿಡಿಕೆಯ ಸಂದಿಯಲ್ಲಿ ಸಿಕ್ಕಿದ್ದನ್ನು ತೆಂಗಿನ ಕಡ್ಡಿಯಿಂದ ಕೆರೆಯುತ್ತಿದ್ದ. ನೀರು ಕೆಂಪಾಗಿ ಹರಿದು ಕೊತ್ತಂಬರಿ ಪಾತಿಗೆ ಹೋಯಿತು. ಭೋಜನ್ ಬದುಕಿದ್ದಾನಂತೆ ಎಂದೆ. ಅವನಿಗೆ ಆಶ್ಚರ್ಯವಾಗಲಿಲ್ಲ. ಆಗ ತಿಳಿಯಿತು.

ಅವನು ಹೇಳಿದ್ದನ್ನು ಅಕ್ಷರ ಬಿಡದೆ ಬರೆಯುತ್ತೇನೆ. "ಬದುಕಿದವನಿಗೆ ಯಾರು ಬಪ್ಪರು ಅಪ್ಪಾ? ಸ್ಟೇಷನ್ನಿಗೆ ಹೋದೆ, ಯಾರೂ ಬರಲಿಲ್ಲ. ಹಟ್ಟಿಗೆ ಹೋಗಿ ಕರೆದೆ, ಯಾರೂ ಬರಲಿಲ್ಲ. ಸತ್ತವನಿಗೆ ಎಲ್ಲಾರೂ ಬಪ್ಪರು. ನೀ ಹೇಳಿದರೆ ಬಪ್ಪರು."

ಅದು ನಿಜ, ಕೂಸೇ. ಬದುಕಿದವನಿಗಾಗಿ ಒಬ್ಬನಾದರೂ ಬಂದಿದ್ದರೆ ಅವನಿಗೆ ನನ್ನ ಮಾತು ಬೇಕಾಗುತ್ತಿರಲಿಲ್ಲ. ಆದರೂ ರಂಗನಾಥನ್ ಎತ್ತಿದ್ದು ಖಾಲಿ ಕೈ. ಆ ಕೈಗೆ ಮೊದಲ ಏಟು ಹಾಕಿದವನು ನಿನ್ನ ಅಪ್ಪ. ಅಲ್ಲಿದ್ದವರೇ ನನಗೆ ಹೇಳಿದ್ದಾರೆ, ಹೆಮ್ಮೆಯಿಂದ.

ಎರಡು ತಿಂಗಳು ನಾನು ಸುಮ್ಮನಿದ್ದೆ. ಮಗನನ್ನು ಉಳಿಸುತ್ತಿದ್ದೇನೆ ಎಂದು ಹೇಳಿಕೊಂಡೆ. ನಿನ್ನೆ ನಿನ್ನ ಅಮ್ಮ ನಿನ್ನ ಹಾಸಿಗೆ ಬಿಸಿಲಿಗೆ ಹಾಕಿ, ಕಾಲೇಜಿನಿಂದ ತೆಗೆದರೆ ಬಂದುಬಿಡುತ್ತಾಳಲ್ಲ ಎಂದಳು. ನನ್ನ ಸುಳ್ಳನ್ನು ಹೊತ್ತು ಇಪ್ಪತ್ತು ವರ್ಷದ ಕೂಸು ಹಟ್ಟಿಯಿಂದ ಹಟ್ಟಿಗೆ ನಡೆಯುತ್ತಿರುವ ಹಾಗೆ ಕಂಡಿತು. ನಿನ್ನ ಅಪ್ಪ ಎದುರಿಗೇ ಕೂತು ನಾನು ಬರೆಯುವುದನ್ನು ನೋಡುತ್ತಿದ್ದಾನೆ. ಮೊಮ್ಮಗಳಿಗಾ ಎಂದ. ಹೌದು ಎಂದೆ. ಕೇಳಿದ್ದೇನೆಂದು ಬರಿ ಎಂದ. ಕೇಳಿದ್ದಾನೆ.

ನಾಳೆ ಏಳೂವರೆ ಬಸ್ಸಿಗೆ ಸ್ಟೇಷನ್ನಿಗೆ ಹೋಗುತ್ತೇನೆ. ಫೋನು ಮಾಡಿದ್ದು ನಾನು, ಮೊಕ ನೋಡದೆ ಹೇಳಿದೆ, ಹೇಳಿಸಿದವನು ನನ್ನ ಮಗ, ಕತ್ತಿ ದನದ ಕೊಟ್ಟಿಗೆಯ ಅಟ್ಟದಲ್ಲಿದೆ. ಇಷ್ಟನ್ನೂ ಹೇಳುತ್ತೇನೆ. ನಿನ್ನ ಪೆಟ್ಟಿಗೆಯ ಹಾಳೆಯನ್ನು ಟೀಚರ್ ಕೈಗೆ ಕೊಡು. ಅಭಿನಯಾಗೆ ನೀನೇ ಹೇಳಬೇಡ. ಅವಳಿಗೆ ಹೇಳಬೇಕಾದವನು ನಾನು. ಸ್ಟೇಷನ್ನಿನಿಂದ ಬಿಟ್ಟರೆ ಅವಳ ಮನೆಗೇ ಹೋಗುತ್ತೇನೆ.

ನಿನ್ನ ಅಪ್ಪನನ್ನು ನಾನು ಕೊಡುತ್ತಿದ್ದೇನೆ. ಬೈಯಬೇಕೆನಿಸಿದರೆ ಬೈದು ಬರಿ. ಸುಮ್ಮನಿರಬೇಡ.

ಹೆತ್ತಪ್ಪ,
ಮಲ್ಲಪ್ಪ


ಉದಕಮಂಡಲ
8 ಜೂನ್ 2025

ಹೆತ್ತಪ್ಪನಿಗೆ,

ಬೈಯಲು ನಾಲ್ಕು ಸಲ ಕೂತೆ. ಪ್ರತಿ ಸಲವೂ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಯಲು ದಾಟಿಸುತ್ತಿದ್ದದ್ದು ನೆನಪಾಗಿ ಕಾಗದ ಹರಿದೆ. ಅವರನ್ನು ಕೊಯಮತ್ತೂರಿನ ಜೈಲಿಗೆ ಕರೆದೊಯ್ದ ದಿನ ನಾನು ಹೋಗಿ ನೋಡಿದೆ. ಗಡ್ಡ ಬಂದಿತ್ತು. "ನಿನ್ನ ತಾತ ಒಳ್ಳೆ ಕಡೆಗೇ ನಿಂತ" ಎಂದರು. ವ್ಯಂಗ್ಯವೋ ಏನೋ ನನಗೆ ತಿಳಿಯಲಿಲ್ಲ.

ಕಾಲೇಜಿನಲ್ಲಿ ಉಳಿಸಿಕೊಂಡಿದ್ದಾರೆ. ಪೊಲೀಸರಿಗೆ ಸುಳ್ಳು ಬರೆದುಕೊಟ್ಟದ್ದಕ್ಕೆ ಒಂದು ವರ್ಷ ಮೈಕ್ ಮುಟ್ಟುವಂತಿಲ್ಲ. ರೇಡಿಯೋ ಮತ್ತೆ ಶುರುವಾಗಿದೆ. ಸಾವಿನ ಪ್ರಕಟಣೆಯ ಪುಸ್ತಕದಲ್ಲಿ ಟೀಚರ್ ಹೊಸ ಕಲಂ ಹಾಕಿದ್ದಾರೆ, ಮೊಕ ನೋಡಿದವರು ಎಂದು. ತಪ್ಪಾದರೆ ಯಾರನ್ನೂ ಕೇಳದೆ ಆ ಕ್ಷಣವೇ ತಿದ್ದಬೇಕು, ಆಮೇಲೆ ದಿಲ್ಲಿಗೆ ತಾನು ಉತ್ತರ ಕೊಡುತ್ತೇನೆ ಎಂದಿದ್ದಾರೆ.

ನೀವು ಅಭಿನಯಾಳ ಮನೆಗೆ ಹೋದದ್ದನ್ನು ಅವಳು ಹೇಳಿದಳು. ಬಾಗಿಲು ತೆಗೆಯಲಿಲ್ಲವಂತೆ. ನೀವು ಮೂರು ಗಂಟೆ ಹೊರಗೆ ನಿಂತಿದ್ದಿರಂತೆ. ಅವಳು ಕೂಟಕ್ಕೆ ಬರುತ್ತಿದ್ದಾಳೆ. ನನ್ನ ಪಕ್ಕದಲ್ಲಿ ಕೂರುವುದಿಲ್ಲ.

ಕೀರ್ತನಾ


ಸೀಗೆಹಟ್ಟಿ
29 ಜೂನ್ 2025

ಕೂಸೇ,

ಭೋಜನ್ ಹೋದ. ನಿನಗೆ ಗೊತ್ತು. ಗುಂಡಿಯಿಂದ ಎತ್ತಿದ ದಿನದಿಂದ ಒಂದು ಮಾತೂ ಆಡದವನು ಶುಕ್ರವಾರ ಬೆಳಿಗ್ಗೆ ಆಸ್ಪತ್ರೆಯಲ್ಲೇ ಹೋದ. ನಿನಗೆ ಗೊತ್ತಿಲ್ಲದ್ದನ್ನು ಬರೆಯುತ್ತೇನೆ.

ಮಳೆ ಹಿಡಿದಿತ್ತು. ನಾನು ರೇಡಿಯೋವನ್ನು ಎದೆಯ ಹತ್ತಿರ ಹೊದಿಕೆಯೊಳಗೆ ಹಿಡಿದು ಬಯಲಿನಲ್ಲಿ ನಿಂತಿದ್ದೆ. ನಿನ್ನ ಅಮ್ಮ ನನಗೆ ಅನ್ನ ಬಡಿಸುತ್ತಾಳೆ, ಮಾತು ಬಡಿಸುವುದಿಲ್ಲ. ಅವತ್ತು ಮಾತ್ರ ಬಂದು ಪಕ್ಕದಲ್ಲಿ ನಿಂತಳು. ಸತ್ತವನು ಅವಳ ಅಣ್ಣ. ಇಬ್ಬರ ತಲೆಯಲ್ಲೂ ಒಂದೇ ಇತ್ತು. ಅದೇ ಹೆಸರು, ಅದೇ ರೇಡಿಯೋ, ಅದೇ ಹನ್ನೆರಡು ಹಟ್ಟಿ. ಈ ಸಲ ನಿಜವಾಗಿಯೂ ಸತ್ತಿದ್ದಾನೆ. ರಂಗನಾಥನ್‌ನ ತಮ್ಮಂದಿರು ಇನ್ನೂ ಆ ಮನೆಯಲ್ಲೇ ಇದ್ದಾರೆ.

ಧ್ವನಿ ಬಂತು. ಆ ಧ್ವನಿ ನಾನು ಮುಚ್ಚಿದ ಬಾಗಿಲ ಒಳಗಿನಿಂದ ಕೇಳಿದ್ದೆ, "ಹೋಗಿ ಇಲ್ಲಿಂದ" ಎಂದ ಧ್ವನಿ. ಅಭಿನಯಾ ಓದಿದಳು. "ಸೀಗೆಹಟ್ಟಿಯ ಭೋಜನ್ ಹೋದರು. ನಾನು ಮೊಕ ನೋಡಿ ಬಂದು ಹೇಳುತ್ತಿದ್ದೇನೆ. ನನ್ನ ಹೆಸರು ಅಭಿನಯಾ, ರಂಗನಾಥನ್ ಮಗಳು." ನಿಮ್ಮ ನಿಯಮದಲ್ಲಿ ಓದುವವರ ಹೆಸರು ಹೇಳಬೇಕೆಂದಿದೆಯೋ ಇಲ್ಲವೋ ನನಗೆ ತಿಳಿಯದು.

ಪಾಪಾತಿ ಆಮೇಲೆ ಹೇಳಿದಳು. ಆಸ್ಪತ್ರೆಗೆ ಇಬ್ಬರು ಹುಡುಗಿಯರು ನೆಂದುಕೊಂಡು ಬಂದರಂತೆ. ನೀನು ಬಟ್ಟೆ ಸರಿಸಿದೆಯಂತೆ. ಇನ್ನೊಬ್ಬಳು ತಗ್ಗಾದ ತಲೆಯನ್ನು ಬಹಳ ಹೊತ್ತು ನೋಡಿ, ತಾನೇ ಬಟ್ಟೆ ಮುಚ್ಚಿದಳಂತೆ. ಯಾರ ಮಗಳು ಎಂದು ಪಾಪಾತಿಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಕೊರಳು ಹಿಡಿಯುತ್ತಿದ್ದೆನೇನೋ ಎಂದಳು.

ಮಧ್ಯಾಹ್ನ ಹೆಣ ಬಂತು. ಹಟ್ಟಿಗಳಿಂದ ಜನ ಬಂದರು. ನಾನು ಬಯಲಿನ ಬಾಯಲ್ಲಿ ನಿಂತು ಒಬ್ಬೊಬ್ಬರ ಕೈ ನೋಡಿದೆ. ನಾಚಿಕೆ ಬಿಟ್ಟು ಹೊದಿಕೆ ಎತ್ತಿ ಎಂದೆ. ಕೆಲವರು ಬೈದರು, ಕೆಲವರು ಎತ್ತಿದರು. ಒಬ್ಬ ನನ್ನ ಎದೆಗೆ ಗುದ್ದಿದ, ಇನ್ನೂ ನೋಯುತ್ತಿದೆ. ಆದರೆ ಅವನ ಕೈಯಲ್ಲೂ ಕೊಡೆಯೇ ಇತ್ತು. ನೂರಾರು ಜನ, ಎಲ್ಲರ ಕೈಯಲ್ಲೂ ಕೊಡೆ ಮಾತ್ರ. ಮಳೆಯಿಂದಲೋ, ಆ ಹುಡುಗಿ ಹೇಳಿದ ಹೆಸರಿನಿಂದಲೋ, ನಾನು ಹೇಳಲಾರೆ.

ನಿನ್ನ ಅಪ್ಪನಿಗೆ ಜೈಲಿಗೆ ತಿಳಿಸಬೇಕು. ನನ್ನ ಸೊಟ್ಟ ತಮಿಳಿನಲ್ಲಿ ನಾನೇ ಬರೆಯುತ್ತೇನೆ. ಬೋಜ ಮಾವ ಹೋದ, ಮೊಕ ನೋಡಿದ್ದೇನೆ ಎಂದು. ಅಷ್ಟೇ ಬರೆಯುತ್ತೇನೆ. ಅವತ್ತು ಅವನ ಮಾತನ್ನು ನಾನು ನಂಬಿದೆ. ಈ ಸಲ ನನ್ನ ಮಾತನ್ನು ಅವನು ನಂಬುತ್ತಾನೆ.

ಹೆತ್ತಪ್ಪ,
ಮಲ್ಲಪ್ಪ